ಅವಳು ‘ಎಕ್ಸ್‌ಪ್ಯಾಟ್’, ಇವನು ‘ಹೊರಗಿನವನು’. ಯಾಕೆ?

(1/7)
ಹೋದ ವಾರ ನಮ್ಮ ಕ್ಲಾಸ್ ಗ್ರೂಪಲ್ಲಿ ಎರಡು ವಿಡಿಯೋ ಓಡಾಡಿದ್ವು. ಎರಡನ್ನೂ ನೀವೆಲ್ಲ ನೋಡಿದೀರಿ.

ಮೊದಲನೇದು ಒಂದು ರೀಲ್. ಫಿನ್ಲೆಂಡಿನ ಹುಡುಗಿ. ಸ್ಪೇನಿನ ಫುಯೆನ್‌ಹಿರೋಲಾ ಅನ್ನೋ ಕಡಲೂರಿಗೆ ಬಂದು ಸೇರ್ಕೊಂಡಿದಾಳೆ. ಬೇಕರಿಯಲ್ಲಿ ‘ನಂಗೆ ಸುಸ್ತಾಗಿದೆ’ ಅನ್ನೋಕೆ ಹೋಗಿ ‘ನಂಗೆ ಮದುವೆ ಆಗಿದೆ’ ಅಂದ್ಬಿಡ್ತಾಳೆ. ಸ್ಪ್ಯಾನಿಶಲ್ಲಿ ‘ಕಾನ್ಸಾದಾ’ ಅಂದ್ರೆ ಸುಸ್ತಾದವಳು, ‘ಕಸಾದಾ’ ಅಂದ್ರೆ ಮದುವೆಯಾದವಳು. ನಡುವೆ ಇರೋದು ಒಂದೇ ಒಂದು ‘ನ್’. ಗ್ರೂಪ್ ತುಂಬ ಹಾರ್ಟು. ‘ಎಷ್ಟ್ ಕ್ಯೂಟು!’ ‘ಎಕ್ಸ್‌ಪ್ಯಾಟ್ ಲೈಫ್ ಅಂದ್ರೆ ಇದು ಕಣ್ರೋ!’

ಎರಡನೇದು ನಮ್ಮದೇ ಕ್ಯಾಂಟೀನಿಂದು. ಒಡಿಶಾದಿಂದ ಬಂದಿರೋ ಟೀ ಹುಡುಗ ಮೇಡಂ ಒಬ್ರಿಗೆ ‘ನಿಂಗೆ ಟೀ ಬೇಕಾ?’ ಅಂತ ಕೇಳ್ತಾನೆ. ಮೇಡಂ ಬೇಜಾರೇನೂ ಮಾಡ್ಕೊಳ್ಲಿಲ್ಲ, ಟೀ ತಗೊಂಡು ಹೋದ್ರು. ಬೇಜಾರಾಗಿದ್ದು ನಮಗೆ! ಸಂಜೆಯೊಳಗೆ ಅವನ ಮುಖ ಸ್ಟಿಕ್ಕರ್ ಆಗಿತ್ತು. ಎರಡು ದಿನ ಗ್ರೂಪಲ್ಲಿ ಯಾರು ಏನ್ ಕೇಳಿದ್ರೂ ಅದೇ ಉತ್ತರ. ‘ಹೊರಗಿನವ್ರಿಗೆ ಮರ್ಯಾದೆ ಗೊತ್ತಿಲ್ಲ’ ಅಂತ ಕೆಳಗೊಂದು ಷರಾ ಬೇರೆ.

ನಾನೂ ಕಳಿಸಿದೀನಿ. ಮೂರು ಸಲ. ಅದಕ್ಕೇ ಈ ಪೋಸ್ಟು. ಉಪದೇಶ ಅನ್ಕೋಬೇಡಿ, ಮೊದಲ ಆರೋಪಿ ನಾನೇ.

(2/7)
ಎರಡೂ ಒಂದೇ ತಪ್ಪು. ಹೊಸ ಊರು, ಹೊಸ ಭಾಷೆ, ಬಾಯಿ ತಪ್ಪಿತು, ಅಷ್ಟೇ. ಒಂದಕ್ಕೆ ಹಾರ್ಟು, ಒಂದಕ್ಕೆ ಸ್ಟಿಕ್ಕರು.

‘ಎಕ್ಸ್‌ಪ್ಯಾಟ್’ ಅಂದ್ರೆ ಅರ್ಥ ಏನು? ಸ್ವಂತ ನಾಡು ಬಿಟ್ಟು ಹೊರಗೆ ಇರೋರು. ಅದಕ್ಕಿಂತ ಹೆಚ್ಚೇನೂ ಇಲ್ಲ. ಆದ್ರೆ ನಾವು ಆ ಪದಾನ ಎಲ್ರಿಗೂ ಕೊಡಲ್ಲ, ಪರ್ಸ್ ನೋಡಿ ಕೊಡ್ತೀವಿ. ದುಡ್ಡಿದ್ದೋರು ಊರು ಬಿಟ್ರೆ ಸಾಹಸ, ಇಲ್ಲದೋರು ಬಿಟ್ರೆ ವಲಸೆ.

ಆ ರೀಲಿನ ಊರನ್ನೇ ತಗೊಳ್ಳಿ. ಮಾಲಗಾ ಪ್ರಾಂತ್ಯದ ಫುಯೆನ್‌ಹಿರೋಲಾದಲ್ಲಿ ಲೋಸ್ ಪಾಕೋಸ್ ಅನ್ನೋ ಬಡಾವಣೆ ಇದೆ. ಅಲ್ಲಿ ಫಿನ್ನರು ಎಷ್ಟು ಅಂದ್ರೆ ಫಿನ್ನಿಶ್ ಶಾಲೆ, ಫಿನ್ನಿಶ್ ಚರ್ಚು, ಫಿನ್ನಿಶ್ ಕೆಫೆ, ಅವರೂರಿನ ರೈ ಬ್ರೆಡ್ಡು, ಎಲ್ಲ ಇವೆ. ತಪ್ಪಿಲ್ಲ ಬಿಡಿ. ಡಿಸೆಂಬರಲ್ಲಿ ಹೆಲ್ಸಿಂಕಿಯ ಹಗಲು ಆರು ಗಂಟೆಯೂ ಇರಲ್ಲ, ಸೂರ್ಯ ಮಧ್ಯಾಹ್ನ ಮೂರೂಕಾಲಿಗೆ ಮನೆಗೆ ಹೋಗ್ತಾನೆ. ಅಂಥಲ್ಲಿ ಬೆಳೆದೋರು ಬಿಸಿಲು ಹುಡುಕ್ಕೊಂಡು ಬಂದ್ರೆ ನಂಗೆ ಪೂರ್ತಿ ಅರ್ಥ ಆಗತ್ತೆ. ಆದ್ರೆ ಅಲ್ಲಿ ಸ್ಪ್ಯಾನಿಶ್ ಇಲ್ಲದೇನೂ ಜೀವನ ಸಾಗತ್ತೆ. ನಮ್ಮೂರಲ್ಲಿ ಯಾರಾದ್ರೂ ಹಾಗಿದ್ರೆ ನಾವು ಏನಂತೀವಿ, ನಿಮಗೇ ಗೊತ್ತು. ಅಲ್ಲಿಯ ಫಿನ್ನರ ವಿಡಿಯೋಗೆ ಮಾತ್ರ ‘ಕಮ್ಯುನಿಟಿ ಎಷ್ಟ್ ಚೆನ್ನಾಗಿದೆ’ ಅಂತೀವಿ.

(3/7)
ಈಗ ಅದೇ ಫಿನ್ನರ ಇನ್ನೊಂದು ಕಥೆ. ಇದು ರೀಲಲ್ಲಿ ಬರಲ್ಲ.

2018ರಿಂದ 2025ರವರೆಗೆ ಪ್ರತಿ ವರ್ಷ ಸಂತೋಷದ ದೇಶಗಳ ಪಟ್ಟಿಯಲ್ಲಿ ಫಿನ್ಲೆಂಡೇ ಫಸ್ಟು. ಆದ್ರೆ 1969, 1970, ಈ ಎರಡೇ ವರ್ಷದಲ್ಲಿ ಆ ದೇಶದಿಂದ ಸುಮಾರು 80 ಸಾವಿರ ಜನ ಗಂಟುಮೂಟೆ ಕಟ್ಕೊಂಡು ಪಕ್ಕದ ಸ್ವೀಡನ್‌ಗೆ ಹೋದ್ರು. ಆಗ ಇಡೀ ದೇಶದ ಜನಸಂಖ್ಯೆ 46 ಲಕ್ಷದ ಆಸುಪಾಸು. ಹೋದೋರ ಲೆಕ್ಕಕ್ಕೆ ಆ ವರ್ಷಗಳಲ್ಲಿ ಜನಸಂಖ್ಯೆಯೇ ಇಳಿದುಹೋಯ್ತು.

ಯಾಕೆ ಹೋದ್ರು? ಬಿಸಿಲಿಗಲ್ಲ, ಹೊಟ್ಟೆಪಾಡಿಗೆ. ಯುದ್ಧ ಮುಗಿದ ಮೇಲೆ ಹುಟ್ಟಿದ ಮಕ್ಕಳೆಲ್ಲ ಒಟ್ಟಿಗೇ ಕೆಲಸದ ವಯಸ್ಸಿಗೆ ಬಂದ್ರು. ಹಿಡುವಳಿ ಸಣ್ಣದು. ಹೊಲಕ್ಕೆ ಟ್ರ್ಯಾಕ್ಟರ್ ಬಂತು, ಕಾಡಿಗೆ ಮೋಟಾರ್ ಗರಗಸ ಬಂತು. ನೂರು ಕೈ ಮಾಡ್ತಿದ್ದ ಕೆಲಸಕ್ಕೆ ಹತ್ತು ಕೈ ಸಾಕಾಯ್ತು. 1967ರಲ್ಲಿ ಅವರ ಮಾರ್ಕ್ ನಾಣ್ಯದ ಬೆಲೆ ಇಳಿಸಿದ್ರು, ಸ್ವೀಡನ್ನಿನ ಕ್ರೋನಾ ಸಂಬಳ ಇನ್ನೂ ದೊಡ್ಡದಾಗಿ ಕಾಣ್ತು. 1954ರಿಂದಲೇ ನಾರ್ಡಿಕ್ ದೇಶಗಳ ನಡುವೆ ಕೆಲಸಕ್ಕೆ ಪರ್ಮಿಟ್ ಬೇಕಿರಲಿಲ್ಲ. ಹಡಗು ಹತ್ತಿದ್ರು, ಗೋಥೆನ್‌ಬರ್ಗಿನ ಕಾರ್ ಫ್ಯಾಕ್ಟರಿ, ಬೋರೋಸ್‌ನ ಬಟ್ಟೆ ಮಿಲ್ಲು ಸೇರ್ಕೊಂಡ್ರು.

ಅಲ್ಲಿ ಅವರನ್ನ ‘ಎಕ್ಸ್‌ಪ್ಯಾಟ್’ ಅಂತ ಯಾರೂ ಕರೀಲಿಲ್ಲ. ‘ಫಿನ್‌ಯೇವೆಲ್’ ಅಂದ್ರು, ಅಂದ್ರೆ ‘ಫಿನ್ ಪಿಶಾಚಿ’. ಕುಡುಕರು, ಮಾತೆತ್ತಿದ್ರೆ ಚಾಕು ತೆಗೀತಾರೆ, ಭಾಷೆ ಬರಲ್ಲ, ಗುಂಪು ಕಟ್ಕೊಂಡು ಇರ್ತಾರೆ. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಆ ಕುಟುಂಬಗಳ ಮಕ್ಕಳ ಕಷ್ಟದ ಬಗ್ಗೆ ಸುಸಾನಾ ಅಲಾಕೋಸ್ಕಿ 2006ರಲ್ಲಿ ಕಾದಂಬರಿ ಬರೆದಾಗ ಸ್ವೀಡನ್‌ನ ದೊಡ್ಡ ಸಾಹಿತ್ಯ ಬಹುಮಾನಾನೇ ಬಂತು. ಫಿನ್ನಿಶ್ ಭಾಷೆಗೆ ಅಲ್ಲಿ ಅಲ್ಪಸಂಖ್ಯಾತ ಭಾಷೆ ಅನ್ನೋ ಮಾನ್ಯತೆ ಸಿಕ್ಕಿದ್ದು 2000ದಲ್ಲಿ. ಬೈಗುಳ ಮಾತ್ರ ಹಡಗು ಇಳಿದ ದಿನವೇ ಸಿಕ್ಕಿತ್ತು.

ಅದೇ ದೇಶ, ಅದೇ ಭಾಷೆ, ಅದೇ ಚಳಿ. ಅಜ್ಜ ಪಿಶಾಚಿ, ಮೊಮ್ಮಗಳು ಎಕ್ಸ್‌ಪ್ಯಾಟ್. ನಡುವೆ ಬದಲಾಗಿದ್ದು ಏನು? ಫಿನ್ಲೆಂಡಿನ ಬ್ಯಾಂಕ್ ಬ್ಯಾಲೆನ್ಸು.

(4/7)
ಬಿಕಾಂನವರಿಗೆ ಸ್ಪೆಷಲ್ ಸ್ಲೈಡು. ಟ್ಯಾಕ್ಸೇಶನ್ ಪೇಪರಿಗೂ ಉಪಯೋಗ ಆಗಬಹುದು.

2009ರಲ್ಲಿ ಪೋರ್ಚುಗಲ್ ಒಂದು ಸ್ಕೀಮ್ ತಂತು. ಹೊರಗಿಂದ ಬಂದು ನೆಲೆಸಿದ್ರೆ ಹೊರದೇಶದ ಪಿಂಚಣಿಗೆ ಆಗ ಹತ್ತು ವರ್ಷ ತೆರಿಗೆ ಇರಲಿಲ್ಲ. ಫಿನ್ಲೆಂಡ್ ಜೊತೆಗಿದ್ದ ಹಳೇ ಒಪ್ಪಂದದ ಪ್ರಕಾರ ಖಾಸಗಿ ವಲಯದ ಪಿಂಚಣಿಗೆ ಫಿನ್ಲೆಂಡೂ ತೆರಿಗೆ ಹಾಕೋ ಹಾಗಿರಲಿಲ್ಲ. ಎರಡು ಸಲ ತೆರಿಗೆ ಬೀಳದಿರ್ಲಿ ಅಂತ ಮಾಡಿದ ಒಪ್ಪಂದ, ಒಂದು ಸಲಾನೂ ಬೀಳದ ಹಾಗೆ ಆಯ್ತು! ದೊಡ್ಡ ದೊಡ್ಡ ಪಿಂಚಣಿಯ ಫಿನ್ನರು ಲಿಸ್ಬನ್ ಕಡೆ ಬಿಸಿಲು ಕಾಯಿಸೋಕೆ ಹೊರಟ್ರು. ಕೊನೆಗೆ ಫಿನ್ಲೆಂಡ್ ಸರ್ಕಾರವೇ ಆ ಒಪ್ಪಂದ ರದ್ದು ಮಾಡ್ತು, 2019ರ ಜನವರಿಯಿಂದ.

ಇಡೀ ಜೀವನ ಒಂದು ದೇಶದ ಶಾಲೆ, ಆಸ್ಪತ್ರೆ, ರಸ್ತೆ ಬಳಸಿ, ತೆರಿಗೆ ಕಟ್ಟೋ ಹೊತ್ತಿಗೆ ಜಾಗ ಖಾಲಿ. ಇವರನ್ನ ಯಾರಾದ್ರೂ ‘ದೇಶಕ್ಕೆ ಭಾರ’ ಅಂದಿದ್ದು ಕೇಳಿದೀರಾ? ಇಲ್ಲ. ಇವರೂ ಎಕ್ಸ್‌ಪ್ಯಾಟೇ. ನಮ್ಮ ಕ್ಯಾಂಟೀನ್ ಹುಡುಗ ಒಂದು ಬಿಸ್ಕೆಟ್ ಪ್ಯಾಕೆಟ್ ತಗೊಂಡ್ರೂ ಜಿಎಸ್‌ಟಿ ಇಲ್ಲೇ ಕಟ್ತಾನೆ. ಅವನು ‘ಹೊರೆ’.

(5/7)
ಈಗ ನಿಮ್ಮ ವಾದಗಳು. ಕಾಮೆಂಟಲ್ಲಿ ಬರೋ ಮುಂಚೆ ನಾನೇ ಹೇಳ್ತೀನಿ.

‘ಎಕ್ಸ್‌ಪ್ಯಾಟ್ ಅಂದ್ರೆ ಸ್ವಲ್ಪ ದಿನ ಇದ್ದು ವಾಪಸ್ ಹೋಗೋರು, ವಲಸಿಗರು ಇಲ್ಲೇ ಉಳಿಯೋರು.’ ಸರಿ. ಫುಯೆನ್‌ಹಿರೋಲಾದಲ್ಲಿ ಮನೆ ತಗೊಂಡು ಕೊನೇವರೆಗೂ ಇರೋ ಫಿನ್ನಿಶ್ ಅಜ್ಜ ಅಜ್ಜಿ ಹಾಗಾದ್ರೆ ವಲಸಿಗರು. ನಮ್ಮ ಹುಡುಗ ವರ್ಷಕ್ಕೊಂದ್ಸಲ ಊರಿನ ಹೊಸ ಅಕ್ಕಿ ಹಬ್ಬಕ್ಕೆ ಹೋಗ್ತಾನೆ, ಇನ್ನೆರಡು ವರ್ಷಕ್ಕೆ ಪೂರ್ತಿ ವಾಪಸ್ ಅಂತಾನೆ. ಅವನೇ ಎಕ್ಸ್‌ಪ್ಯಾಟ್. ಕರೀತೀರಾ?

‘ಅವಳು ಕಾನೂನು ಪ್ರಕಾರ ಬಂದಿದಾಳೆ.’ ಹೌದು. ಐರೋಪ್ಯ ಒಕ್ಕೂಟದ ಪ್ರಜೆ ಆಗಿರೋದ್ರಿಂದ ಸ್ಪೇನಲ್ಲಿ ಕೆಲಸಕ್ಕೆ ಅವಳಿಗೆ ಪರ್ಮಿಟ್ ಬೇಕಿಲ್ಲ. ಇವನಿಗೂ ಕಾನೂನಿದೆ. ಸಂವಿಧಾನದ 19ನೇ ವಿಧಿ. ಭಾರತದ ಯಾವ ಮೂಲೆಗಾದ್ರೂ ಹೋಗಬಹುದು, ನೆಲೆಸಬಹುದು, ದುಡೀಬಹುದು. ಅವಳು ಬೇರೆ ದೇಶದಲ್ಲಿದಾಳೆ. ಇವನು ತನ್ನ ದೇಶ ಬಿಟ್ಟೇ ಇಲ್ಲ, ಆದ್ರೂ ‘ಹೊರಗಿನವನು’.

(6/7)
ದೊಡ್ಡ ವಾದ ಇದು: ‘ಕನ್ನಡ ಕಲೀಬೇಕಲ್ವಾ?’

ಕಲೀಬೇಕು. ಇದರಲ್ಲಿ ನಂಗೆ ಒಂದಿಂಚೂ ಅನುಮಾನ ಇಲ್ಲ. ಇಲ್ಲಿ ಬದುಕೋರು ಇಲ್ಲಿಯ ಮಾತು ಕಲೀಬೇಕು. ಆದ್ರೆ ಆ ಸ್ಟಿಕ್ಕರ್ ಇನ್ನೊಂದ್ಸಲ ನೋಡಿ. ಅವನು ಆಡ್ತಿರೋದು ಯಾವ ಭಾಷೆ? ಕನ್ನಡ! ಅವನು ಕಲೀತಾ ಇದಾನೆ ಮಾರಾಯ್ರೇ. ನಾವು ಅವನ ಜೊತೆ ‘ನಿಂಗೆ’, ‘ಬಾ’, ‘ಹೋಗು’, ‘ಕೊಡೋ’ ಅಂತಾನೇ ಮಾತಾಡ್ತೀವಿ. ಅವನ ಕಿವಿಗೆ ಬಿದ್ದ ಕನ್ನಡ ಅದು. ಬಹುವಚನ ನಾವು ಅವನಿಗೆ ಕೊಟ್ಟಿದ್ರೆ ತಾನೇ ಅವನು ವಾಪಸ್ ಕೊಡೋದು? ಆ ಸ್ಟಿಕ್ಕರಲ್ಲಿ ಇರೋದು ಅವನ ತಪ್ಪಲ್ಲ, ನಮ್ಮ ನಾಲಿಗೆ.

ಸ್ವೀಡನ್ ಏನ್ ಮಾಡ್ತು ಗೊತ್ತಾ? 1973ರಲ್ಲಿ ವಲಸೆ ಕಾರ್ಮಿಕರಿಗೆ 240 ಗಂಟೆ ಸ್ವೀಡಿಶ್ ಪಾಠ, ಅದೂ ಕೆಲಸದ ವೇಳೆಯಲ್ಲೇ, ಸಂಬಳದ ಸಮೇತ. ಖರ್ಚು ಮಾಲೀಕರ ತಲೆ ಮೇಲೆ. ಅಂದ್ರೆ ‘ನಿಂಗೆ ಅಗ್ಗದ ಕೂಲಿ ಬೇಕು ಅಂದ್ರೆ, ಅವನಿಗೆ ಭಾಷೆ ಕಲಿಸೋ ಖರ್ಚೂ ನಿಂದೇ’ ಅಂತ. ನಮ್ಮ ಕನ್ನಡ ಹೋರಾಟ ಈ ಥರ ಇರಬೇಕು ಅಂತ ನನ್ನ ವಾದ. ದಿನಕ್ಕೆ ಹನ್ನೆರಡು ಗಂಟೆ ಟೀ ಲೋಟ ತೊಳೆಯೋನನ್ನ ಸ್ಟಿಕ್ಕರ್ ಮಾಡೋದು ಹೋರಾಟ ಅಲ್ಲ. ಅವನನ್ನ ಕೆಲಸಕ್ಕೆ ಇಟ್ಕೊಂಡ ಕಾಂಟ್ರಾಕ್ಟರ್‌ನ ‘ವಾರಕ್ಕೆ ಎರಡು ಗಂಟೆ ಕನ್ನಡ ಕಲಿಸು’ ಅಂತ ಕೇಳೋದು ಹೋರಾಟ. ಹತ್ತು ವರ್ಷದಿಂದ ಇಲ್ಲಿದ್ದೂ ‘ಕನ್ನಡ್ ಗೊತ್ತಿಲ್ಲ’ ಅನ್ನೋ ದೊಡ್ಡ ಸಂಬಳದೋರನ್ನ ಮೊದಲು ಕೇಳೋದು ಹೋರಾಟ. ಅವರ ಸ್ಟಿಕ್ಕರ್ ನಮ್ಮ ಗ್ರೂಪಲ್ಲಿ ಇದೆಯಾ? ಇಲ್ಲ. ಯಾಕಂದ್ರೆ ನಾಳೆ ಪ್ಲೇಸ್‌ಮೆಂಟಲ್ಲಿ ಇಂಟರ್‌ವ್ಯೂ ಮಾಡೋರು ಅವರೇ.

(7/7)
ಕೊನೇ ಮಾತು. ನಮ್ಮಲ್ಲಿ ಅರ್ಧ ಜನರ ಬಯೋದಲ್ಲಿ ವಿಮಾನದ ಚಿತ್ರ ಇದೆ. ನಾಳೆ ಯಾರೋ ಹೆಲ್ಸಿಂಕಿಗೇ ಹೋಗ್ತೀರಿ ಅನ್ಕೊಳ್ಳಿ. 2025ರ ಜೂನ್‌ನಿಂದ ಅಲ್ಲಿ ರೂಲ್ಸ್ ಬಿಗಿ ಆಗಿದೆ. ಕೆಲಸದ ಪರ್ಮಿಟ್ ಮೇಲಿರೋ ನಮ್ಮಂಥವರಿಗೆ ಕೆಲಸ ಹೋದ್ರೆ ಹೊಸದು ಹುಡುಕೋಕೆ ಮೂರು ತಿಂಗಳು, ಕೆಲವು ವರ್ಗದವರಿಗೆ ಆರು. ಆಮೇಲೆ ಪರ್ಮಿಟ್ಟೇ ರದ್ದಾಗಬಹುದು. ಆಗ ನೀವು ಎಕ್ಸ್‌ಪ್ಯಾಟೋ, ವಲಸಿಗರೋ? ನಿಮ್ಮ ತಪ್ಪು ಫಿನ್ನಿಶ್ ಕೇಳಿ ಯಾರಾದ್ರೂ ಸ್ಟಿಕ್ಕರ್ ಮಾಡಿದ್ರೆ ‘ಕ್ಯೂಟ್’ ಅನ್ಸತ್ತಾ?

ಆ ಫಿನ್ನಿಶ್ ಹುಡುಗಿ ಮೇಲೆ ನಂಗೆ ಕೋಪ ಇಲ್ಲ. ಅವಳ ರೀಲ್ ಇನ್ನೂ ನೋಡ್ತೀನಿ. ಹಾರ್ಟೂ ಒತ್ತುತೀನಿ. ನಾನು ಕೇಳ್ತಿರೋದು ಅವಳ ಹಾರ್ಟ್ ಕಿತ್ಕೊಳ್ಳಿ ಅಂತ ಅಲ್ಲ, ಇವನಿಗೂ ಒಂದು ಕೊಡಿ ಅಂತ.

ನಿನ್ನೆ ಕ್ಯಾಂಟೀನಿಗೆ ಹೋಗಿದ್ದೆ. ‘ನೀವು ಊಟ ಮಾಡಿದ್ರಾ?’ ಅಂತ ಕೇಳ್ದೆ. ಹಿಂದೆ ಯಾರೋ ಇದಾರೆ ಅನ್ಕೊಂಡು ಅವನು ತಿರುಗಿ ನೋಡ್ದ.

ಸ್ಟಿಕ್ಕರ್ ನನ್ನ ಫೋನಿಂದ ಡಿಲೀಟ್ ಆಗಿದೆ. ಗ್ರೂಪಲ್ಲಿ ಇನ್ನೂ ಇದೆ. ಅಡ್ಮಿನ್‌ಗಳು ಇದನ್ನ ಓದ್ತಿದೀರಿ ಅಂತ ಗೊತ್ತು. ಬೈಯೋದಿದ್ರೆ ಇಲ್ಲೇ ಕಾಮೆಂಟಲ್ಲಿ ಬೈರಿ, ಉತ್ತರ ಕೊಡ್ತೀನಿ.

#ಎಕ್ಸ್‌ಪ್ಯಾಟ್ #ವಲಸೆ #ಫಿನ್ಲೆಂಡ್ #ಕನ್ನಡಕಲಿಸಿ #ನಿಮಗೆಟೀಬೇಕಾ