‘ಸರ್ವರ್ ಇಲ್ಲ’ ಎನ್ನುವ ಮೊದಲು ಪೆಟ್ಟಿಗೆ ನೋಡಿ

ಅವರ್ಸಾ: ಹೆದ್ದಾರಿ ಬದಿಯ ಕಂಪ್ಯೂಟರ್ ಅಂಗಡಿ ಇರಲಿ, ಸರ್ಕಾರಿ ಸೇವೆಯ ಕೌಂಟರ್ ಇರಲಿ, ಕಾರವಾರ-ಅಂಕೋಲೆ ನಡುವೆ ಎಲ್ಲಿ ಹೋದರೂ ಇತ್ತೀಚೆಗೆ ಕೇಳುವ ಮಂತ್ರ ಒಂದೇ: ‘ಸರ್ವರ್ ಇಲ್ಲ, ಮಧ್ಯಾಹ್ನ ಬನ್ನಿ.’ ಮಧ್ಯಾಹ್ನ ಹೋದರೆ ‘ನಾಳೆ ಬನ್ನಿ’. ನಾಳೆ ಹೋದರೆ ಅರ್ಜಿಯ ಗಡುವು ಮುಗಿದಿರುತ್ತದೆ. ಬೆಳೆಸಾಲಕ್ಕೆ ಪಹಣಿ ಬೇಕಾದ ರೈತ, ಜಾತಿ-ಆದಾಯದ ದಾಖಲೆ ಬೇಕಾದ ವಿದ್ಯಾರ್ಥಿ, ಬುಟ್ಟಿ ಮೀನು ಮಾರಿ ಪಿಂಚಣಿ ವಿಚಾರಿಸಲು ಬಂದ ಮುದುಕಿ, ಎಲ್ಲರೂ ಸಾಲಿನಲ್ಲಿ ನಿಂತೇ ಇರುತ್ತಾರೆ. ಒಳಗೆ ಪರದೆಯ ಮೇಲೆ ಚಕ್ರವೊಂದು ಗಿರಗಿರ ತಿರುಗುತ್ತಿರುತ್ತದೆ.

‘ಆಯ್ತೇನೆ ತಂಗೀ?’ ಎಂದು ಅಜ್ಜಿ ಕೇಳುತ್ತಾಳೆ. ‘ತಿರುಗ್ತಾನೇ ಅದೆ ಅಜ್ಜಿ, ಏನ್ ಮಾಡುದು?’ ಎಂದು ಆಪರೇಟರ್ ಹುಡುಗಿ ಕೈಚೆಲ್ಲುತ್ತಾಳೆ.

ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ಸರ್ವರ್ ನಿಜವಾಗಿಯೂ ಇಲ್ಲವೋ, ಅಥವಾ ಎದುರಿಗಿರುವ ಪೆಟ್ಟಿಗೆಗೇ ಉಸಿರು ಕಟ್ಟಿದೆಯೋ? ನೋಡಿದವರು ಯಾರು?

ಹಿಂದೆ ಪಹಣಿ ಬೇಕಾದರೆ ತಲಾಠಿಯ ದಫ್ತರ ಹುಡುಕಿಕೊಂಡು ಅಲೆಯಬೇಕಿತ್ತು. ಆ ಅಲೆದಾಟ ತಪ್ಪಿಸಲಿಕ್ಕೆಂದೇ ‘ಭೂಮಿ’ ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರ್ ಏರಿದವು. 2001ರ ಹೊತ್ತಿಗೆ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ನಿಂತ ನಿಲುವಿನಲ್ಲೇ ಪಹಣಿ ಕೈಗೆ ಸಿಗುವಂತಾಯಿತು. 2012ರಲ್ಲಿ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರ, 2022ರಲ್ಲಿ ಗ್ರಾಮ ಒನ್ ಬಂದವು. ಕಿಟಕಿ ಊರ ಬಾಗಿಲಿಗೇ ಬಂತು, ಸಂತೋಷ. ಆದರೆ ಕಿಟಕಿಯೊಳಗಿನ ಯಂತ್ರ ತೆವಳಿದರೆ ತಲಾಠಿಯ ಕಾಲಕ್ಕೂ ಇಂದಿಗೂ ಏನು ವ್ಯತ್ಯಾಸ ಸ್ವಾಮೀ?

ಮೇಜು ಚಿಕ್ಕದು, ಕಡತ ಹೆಚ್ಚು

ಯಂತ್ರ ಯಾಕೆ ತೆವಳುತ್ತದೆ? ಗುಮಾಸ್ತರೊಬ್ಬರ ಮೇಜನ್ನು ನೆನೆಯಿರಿ. ಅದರ ಮೇಲೆ ನಾಲ್ಕು ಕಡತ ಹಿಡಿಸುತ್ತವೆ. ಹತ್ತು ಕಡತ ಒಟ್ಟಿಗೆ ನೋಡು ಎಂದರೆ ಅವರೇನು ಮಾಡಬೇಕು? ಒಂದನ್ನು ಎತ್ತಿ ಹಿಂದಿನ ದಾಖಲೆ ಕೋಣೆಗೆ ಒಯ್ದಿಟ್ಟು ಇನ್ನೊಂದನ್ನು ತರಬೇಕು. ಮತ್ತೆ ಅದನ್ನಿಟ್ಟು ಮೊದಲಿನದನ್ನೇ ತರಬೇಕು. ದಿನವಿಡೀ ಓಡಾಟವೇ ಆಯಿತು, ಕೆಲಸ ಸೊನ್ನೆ.

ಕಂಪ್ಯೂಟರಿನಲ್ಲಿ ಆ ಮೇಜಿಗೆ ಮೆಮೊರಿ ಎಂದು ಹೆಸರು, ಅಂಗಡಿಯವರ ಬಾಯಲ್ಲಿ ‘ರ‍್ಯಾಮ್’. ದಾಖಲೆ ಕೋಣೆಯೆಂದರೆ ಹಾರ್ಡ್‌ಡಿಸ್ಕ್. ಮೆಮೊರಿಯಿಂದ ಒಂದು ಮಾಹಿತಿ ಎತ್ತಿಕೊಳ್ಳುವ ಹೊತ್ತಿಗೆ ಹೋಲಿಸಿದರೆ, ಮಿನಿಟಿಗೆ 7200 ಸುತ್ತು ತಿರುಗುವ ಹಳೆಯ ಹಾರ್ಡ್‌ಡಿಸ್ಕಿನಿಂದ ಹುಡುಕಿ ತರಲು ಸುಮಾರು ಲಕ್ಷ ಪಟ್ಟು ಹೆಚ್ಚು ಹೊತ್ತು ಬೇಕು. ಮೆಮೊರಿ ತುಂಬಿತೆಂದರೆ ಯಂತ್ರ ಈ ಓಡಾಟಕ್ಕೆ ಬೀಳುತ್ತದೆ. ಮೌಸ್ ಅಲ್ಲಾಡುವುದಿಲ್ಲ, ಅಕ್ಷರ ಒತ್ತಿದರೆ ಬಿಡಿಬಿಡಿಯಾಗಿ ಮೂಡುತ್ತದೆ, ಪೆಟ್ಟಿಗೆಯ ಕೆಂಪು ದೀಪ ಮಿಣಮಿಣ ಎನ್ನುವುದು ನಿಲ್ಲುವುದೇ ಇಲ್ಲ. ಹೊರಗೆ ನಿಂತವರಿಗೆ ಹೇಳುವುದು ಮಾತ್ರ ‘ಸರ್ವರ್ ಇಲ್ಲ’!

ಎರಡು ನಿಮಿಷದ ಪರೀಕ್ಷೆ

ತಪ್ಪು ಎಲ್ಲಿಯದು ಎಂದು ತಿಳಿಯಲು ಎಂಜಿನಿಯರ್ ಬೇಕಿಲ್ಲ. ಸರ್ಕಾರಿ ಜಾಲತಾಣವೊಂದೇ ನಿಧಾನವಾಗಿ, ನುಡಿಯಲ್ಲಿ ಪತ್ರ ಟೈಪ್ ಮಾಡುವುದು, ಕಡತ ತೆರೆಯುವುದು ಸರಾಗವಾಗಿದ್ದರೆ ತಪ್ಪು ಹೊರಗಿನದು. ಆಗ ‘ಸರ್ವರ್ ಇಲ್ಲ’ ಎನ್ನುವ ಮಾತಿಗೆ ಅರ್ಥವಿದೆ. ಸ್ಟಾರ್ಟ್ ಬಟನ್ ಒತ್ತಿದರೂ ಯಂತ್ರ ಕಣ್ಣು ಬಿಡದಿದ್ದರೆ ಬೇನೆ ಒಳಗಿನದು. ಬೆಂಗಳೂರನ್ನು ಬೈದು ಫಲವಿಲ್ಲ.

ಒಳಗಿನದಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಬೇಕು. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ‘ಮೆಮೊರಿ’ ಎಂಬ ತಲೆಬರಹದ ಮೇಲೆ ಒತ್ತಿದರೆ ಹೆಚ್ಚು ತಿನ್ನುವವರು ಮೇಲಿನ ಸಾಲಿಗೆ ಬರುತ್ತಾರೆ. ಮೆಮೊರಿ ನೂರಕ್ಕೆ ತೊಂಬತ್ತು ದಾಟಿ, ಜೊತೆಗೆ ಡಿಸ್ಕೂ ನೂರರ ಹತ್ತಿರ ನಿಂತಿದ್ದರೆ ಗುಮಾಸ್ತರ ಓಡಾಟ ನಡೆದಿದೆ ಎಂದೇ ಲೆಕ್ಕ.

ಮೇಲಿನ ಸಾಲಿನಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವ ಆಸಾಮಿ ಬ್ರೌಸರ್. ಬೆಳಿಗ್ಗೆಯಿಂದ ತೆರೆದ ಇಪ್ಪತ್ತು ಪುಟ ಹಾಗೇ ಬಿಟ್ಟಿದ್ದರೆ ಪ್ರತಿಯೊಂದೂ ಮೇಜಿನ ಮೇಲೆ ಜಾಗ ಹಿಡಿದು ಕೂತಿರುತ್ತದೆ. ಕೆಲಸ ಮುಗಿದ ಪುಟ ಮುಚ್ಚಬೇಕು. ಎರಡನೆಯ ಆಸಾಮಿ, ಯಂತ್ರ ಏಳುವಾಗಲೇ ಕರೆಯದೆ ಏಳುವ ಪ್ರೋಗ್ರಾಂಗಳು. ಅದೇ ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ವಿಭಾಗದಲ್ಲಿ ಬೇಡದವನ್ನು ತಡೆಯಬಹುದು. ಮೂರನೆಯದು ಎರಡೆರಡು ಆಂಟಿವೈರಸ್. ಒಂದು ಮನೆಗೆ ಇಬ್ಬರು ಕಾವಲುಗಾರರಾದರೆ ಜಗಳ ಅವರವರಲ್ಲೇ. ಒಂದು ಸಾಕು.

ಕೆಲವು ಪ್ರೋಗ್ರಾಂಗಳು ಬೆಳಿಗ್ಗೆ ಸಾಧುವಾಗಿದ್ದು ಸಂಜೆ ಹೊತ್ತಿಗೆ ಹೊಟ್ಟೆ ಬೆಳೆಸಿಕೊಳ್ಳುತ್ತವೆ. ತೆಗೆದುಕೊಂಡ ಮೆಮೊರಿಯನ್ನು ಮರಳಿ ಕೊಡುವುದಿಲ್ಲ. ಅಂಥದ್ದನ್ನು ಮುಚ್ಚಿ ಮತ್ತೆ ತೆರೆಯಬೇಕು, ಹೊಸ ಆವೃತ್ತಿ ಇದ್ದರೆ ಹಾಕಿಸಬೇಕು. ಇನ್ನೊಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಇದ್ದಾಗ ‘ಶಟ್ ಡೌನ್’ ಮಾಡಿದರೂ ಒಳಗಿನ ವ್ಯವಸ್ಥೆಯ ಒಂದು ಭಾಗ ಡಿಸ್ಕಿನಲ್ಲಿ ಹಾಗೇ ಉಳಿದು ಮರುದಿನ ಎದ್ದು ಬರುತ್ತದೆ. ಪೂರ್ತಿ ತೊಳೆದು ಏಳಬೇಕಾದರೆ ‘ರಿಸ್ಟಾರ್ಟ್’ ಕೊಡಬೇಕು. ದಿನಾ ಸಂಜೆ ಬಂದ್ ಮಾಡಿದರೂ ವಾರಕ್ಕೊಮ್ಮೆ ರಿಸ್ಟಾರ್ಟ್ ಬೇಕೇ ಬೇಕು.

ಹಾಗೆಂದು ಗೊತ್ತಿಲ್ಲದ ಹೆಸರು ಕಂಡ ಕೂಡಲೇ ಕೊಲ್ಲಬಾರದು. ಯಂತ್ರದ ಸ್ವಂತ ಕೆಲಸಗಳೂ ಅದೇ ಪಟ್ಟಿಯಲ್ಲಿರುತ್ತವೆ. ‘ಮೆಮೊರಿ ಬೂಸ್ಟರ್’ ಎಂದು ಪುಕ್ಕಟೆ ಸಿಗುವ ಔಷಧಿಗಳ ಹತ್ತಿರವೂ ಸುಳಿಯಬಾರದು. ಅವು ಮೇಜಿನ ಕಡತಗಳನ್ನು ಕೋಣೆಗೆ ದೂಡಿ ‘ಮೇಜು ಖಾಲಿ’ ಎಂದು ತೋರಿಸುತ್ತವೆ, ಅಷ್ಟೇ. ಮರುಗಳಿಗೆಯಲ್ಲಿ ಅದೇ ಓಡಾಟ.

ಹಾಕಿದ ದುಡ್ಡು ದಂಡ

ಇಷ್ಟು ಮಾಡಿಯೂ ಆಗದಿದ್ದರೆ ಮೇಜನ್ನೇ ದೊಡ್ಡದು ಮಾಡಬೇಕು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ ಎಂದು ಕಂಪನಿಯೇ ಹೇಳಿದೆ. ಆ ಕನಿಷ್ಠ ಯಂತ್ರ ಎದ್ದು ಕೂರಲಿಕ್ಕೆ, ದುಡಿಯಲಿಕ್ಕಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಗಡಿಬಿಡಿಯಲ್ಲಿ 4 ಜಿಬಿಯ ಹಳೆಯ ಪೆಟ್ಟಿಗೆಗೇ ಹೊಸ ವಿಂಡೋಸ್ ತುಂಬಿದರೆ ಎತ್ತಿಗೆ ಆನೆಯ ಹೊರೆ ಹೊರಿಸಿದಂತೆ.

ಮೆಮೊರಿ ಹಾಕಿಸುವಾಗಲೂ ಎಚ್ಚರ ಬೇಕು. ಡಿಡಿಆರ್ 3 ಕೇಳುವ ಯಂತ್ರಕ್ಕೆ ಡಿಡಿಆರ್ 4 ಕೂರುವುದಿಲ್ಲ. 32 ಬಿಟ್‌ನ ವಿಂಡೋಸ್ 10 ಇದ್ದರೆ 8 ಜಿಬಿ ಹಾಕಿಸಿದರೂ 4 ಜಿಬಿಗಿಂತ ಹೆಚ್ಚು ಅದಕ್ಕೆ ಬಳಸಲು ಬರುವುದಿಲ್ಲ. ಹಾಕಿದ ದುಡ್ಡು ದಂಡ. ಮೊದಲು 64 ಬಿಟ್ ಆಗಬೇಕು. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೂ ಯಂತ್ರಕ್ಕೆ ಮರುಜೀವ ಬರುತ್ತದೆ. ದಾಖಲೆ ಕೋಣೆ ಪಕ್ಕಕ್ಕೇ ಬಂದಂತೆ.

ಕಡಲ ದಂಡೆಯ ಊರಿಗೆ ಇನ್ನೊಂದು ಶಾಪವಿದೆ, ಉಪ್ಪುಗಾಳಿ ಮತ್ತು ಮಳೆಗಾಲದ ತೇವ. ಮೆಮೊರಿ ಪಟ್ಟಿಯ ಕಾಲುಗಳಿಗೆ ಕಿಲುಬು ಹಿಡಿದು 8 ಜಿಬಿ ಹಾಕಿದಲ್ಲಿ 4 ಮಾತ್ರ ತೋರಿಸುವುದುಂಟು. ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ಒಟ್ಟು ಮೆಮೊರಿ ಎಷ್ಟೆಂದು ನೋಡಿದರೆ ಗುಟ್ಟು ರಟ್ಟಾಗುತ್ತದೆ. ವಿದ್ಯುತ್ ಪೂರ್ತಿ ತೆಗೆದು, ತಿಳಿದವರು ಪಟ್ಟಿ ಬಿಚ್ಚಿ ಒರೆಸಿ ಮತ್ತೆ ಕೂರಿಸಿದರೆ ಕೆಲವೊಮ್ಮೆ ಒಂದು ಪೈಸೆ ಖರ್ಚಿಲ್ಲದೆ ಬೇನೆ ಹೋಗುತ್ತದೆ.

ಯಾರ ಕೆಲಸ ಇದು?

ಆಪರೇಟರ್ ಹುಡುಗ-ಹುಡುಗಿಯರನ್ನು ಬೈಯುವುದು ಸುಲಭ. ಸಾಲಿನ ಸಿಟ್ಟನ್ನೆಲ್ಲ ನುಂಗುವವರು ಅವರೇ. ಸರ್ಕಾರಿ ಯಂತ್ರದ ಮುಚ್ಚಳ ತೆಗೆಯುವ ಅಧಿಕಾರ ಅವರಿಗಿಲ್ಲ, ಒಂದು ಪ್ರೋಗ್ರಾಂ ತೆಗೆಯಬೇಕಾದರೂ ಮೇಲಿನವರ ಅಪ್ಪಣೆ ಬೇಕು. ಹಾಗಾದರೆ ಮೇಲಿನವರು ಏನು ಮಾಡಬೇಕು? ಪ್ರತಿ ಕೌಂಟರಿನ ಒಬ್ಬರಿಗೆ ಅರ್ಧ ದಿನ ಕೂರಿಸಿ ಈ ಪರೀಕ್ಷೆ ಕಲಿಸಲಿ. ಒಂದು ನೋಟ್‌ಬುಕ್ ಇಡಿಸಲಿ. ಯಂತ್ರ ನಿಂತ ಹೊತ್ತು, ಆಗ ಮೆಮೊರಿ ಎಷ್ಟಿತ್ತು, ಜಾಲತಾಣ ಮಾತ್ರ ನಿಂತಿತ್ತೋ ಯಂತ್ರವೇ ನಿಂತಿತ್ತೋ, ಇಷ್ಟು ಬರೆದರೆ ಸಾಕು. ತಿಂಗಳಲ್ಲಿ ಸತ್ಯ ಹೊರಬೀಳುತ್ತದೆ. ಸರ್ವರ್ ತಪ್ಪಾದರೆ ಬೆಂಗಳೂರಿಗೆ ಬರೆಯಲು ಕೈಯಲ್ಲಿ ಸಾಕ್ಷಿ ಇರುತ್ತದೆ. ಪೆಟ್ಟಿಗೆಯ ತಪ್ಪಾದರೆ ರಿಪೇರಿಯವರನ್ನು ಕರೆಸಲು ಕಾರಣ ಸಿಗುತ್ತದೆ. ಹೊಸ ಯಂತ್ರಕ್ಕೆ ಟಿಪ್ಪಣಿ ಏರಿಸುವ ಮೊದಲು ಹಳೆಯದಕ್ಕೆ ಮೆಮೊರಿ ಹಾಕಿಸಿದರೆ ಆಗುವುದೋ ಎಂದು ನೋಡುವ ಪದ್ಧತಿಯೂ ಬರಲಿ. ಖರ್ಚಾಗುವುದು ಜನರ ದುಡ್ಡು ತಾನೆ?

ಯಂತ್ರದ ಹೊಟ್ಟೆ ತುಂಬಿದ್ದಕ್ಕೆ ಮನುಷ್ಯರ ಹೊಟ್ಟೆಯ ಮೇಲೆ ಹೊಡೆತ ಬೀಳಬಾರದು. ಸಾಲಿನಲ್ಲಿ ನಿಂತ ಅಜ್ಜಿಗೆ ಒಂದು ದಿನ ಹೋಯಿತೆಂದರೆ ಒಂದು ಬುಟ್ಟಿ ಮೀನಿನ ವ್ಯಾಪಾರ ಹೋಯಿತು. ಆ ಲೆಕ್ಕ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಮೂರು ಕೀಲಿ ಒತ್ತಿ ನೋಡುವ ಕೆಲಸಕ್ಕೆ ಆದೇಶ ಹೊರಡಿಸಲು ಸಂಬಂಧಪಟ್ಟವರಿಗೆ ಇನ್ನೆಷ್ಟು ದಿನ ಬೇಕು?