ಮಚ್ಚೆಗೂ ಒಂದು ಮಾತು

ಕನ್ನಡಿಯ ಮುಂದೆ ನಿಂತ ಹರೆಯದವರನ್ನು ಮಾತನಾಡಿಸಬಾರದೆಂಬುದು ಅನುಭವಸ್ಥರ ಮಾತು. ಆ ಎಚ್ಚರವನ್ನು ಮರೆತು, ಕಾಲೇಜಿಗೆಂದು ನಮ್ಮ ಮನೆಯಲ್ಲಿ ಉಳಿದಿರುವ ಅಕ್ಕನ ಮಗಳನ್ನು ಮೊನ್ನೆ, "ಏನಮ್ಮಾ, ಇಷ್ಟು ಹೊತ್ತು?" ಎಂದು ಕೇಳಿಬಿಟ್ಟೆ. ಗಲ್ಲದ ಮೇಲೆ ಕೆಂಪಗೆ ಎದ್ದಿದ್ದ ಒಂದು ಮೊಡವೆಯನ್ನು ತೋರಿಸಿ ಅವಳು, "ನೋಡಿ ಮಾವ, ನಾಳೆ ಗೆಳತಿಯ ಮದುವೆ, ಇಂದೇ ಇದು ಬರಬೇಕೆ? ಹೆಸರಾದರೂ ಚೆನ್ನಾಗಿದೆಯೆ, ಮೊಡವೆಯಂತೆ! ಇದಕ್ಕೆ ಬೇರೊಂದು ಒಳ್ಳೆಯ ಮಾತು ಇಲ್ಲವೆ?" ಎಂದು ಸಿಡುಕಿದಳು. ಮೊಡವೆಗೆ ಮದ್ದು ಕೊಡಲು ನಾನು ವೈದ್ಯನಲ್ಲ. ಮಾತನ್ನು ಹುಡುಕಿಕೊಡುವುದಷ್ಟೇ ನನ್ನ ಕಸಬು.

ಹುಡುಕಿದೆ. ಸುಶ್ರುತ ಸಂಹಿತೆಯಲ್ಲಿ ಇದಕ್ಕೆ 'ಮುಖದೂಷಿಕೆ' ಎಂಬ ಹೆಸರಿದೆ. ಮುಖವನ್ನು ಕೆಡಿಸುವಂಥದು ಎಂದರ್ಥ. ಅಷ್ಟೇ ಅಲ್ಲ, ಹರೆಯದವರ ಮುಖದ ಮೇಲಿನ ಈ ಗುಳ್ಳೆಗಳನ್ನು ಶಾಲ್ಮಲಿಯ ಮುಳ್ಳಿಗೆ ಅಲ್ಲಿ ಹೋಲಿಸಿದೆ. ಶಾಲ್ಮಲಿಯೆಂದರೆ ನಮ್ಮ ಬೂರುಗದ ಮರ. ಎಳೆಯ ಬೂರುಗದ ಕಾಂಡದ ತುಂಬ ಗೋಪುರದಂತೆ ಎದ್ದಿರುವ ಮುಳ್ಳುಗಳನ್ನು ಕಂಡವರು ಈ ಹೋಲಿಕೆಯನ್ನು ಮೆಚ್ಚದೆ ಇರಲಾರರು. ನನ್ನ ಸೋದರ ಸೊಸೆ ಮೆಚ್ಚಲಿಲ್ಲ. "ಮೊಡವೆಯೇ ವಾಸಿ, ಮಾವ" ಎಂದು ಒಳಗೆ ಹೋದಳು.

ಚರ್ಮದ ಕಲೆಗಳಿಗೆ ನಮ್ಮ ಜನ ಕೊಟ್ಟಿರುವ ಹೆಸರುಗಳನ್ನು ಅಂದಿನಿಂದ ಲೆಕ್ಕ ಹಾಕುತ್ತಿದ್ದೇನೆ. ಬಡಹೆಸರುಗಳೆಂದು ಕಂಡವುಗಳಲ್ಲಿ ಕೆಲವು ದೊಡ್ಡ ಮನೆತನದವು. 'ದದ್ದು' ಎಂಬುದು ಸಂಸ್ಕೃತದ 'ದದ್ರು'ವಿನ ಮಗು. 'ಕಜ್ಜಿ'ಯ ಮೂಲ 'ಖರ್ಜು', ಅಂದರೆ ತುರಿಕೆ. ನಡುವಯಸ್ಸಿನ ಹೆಂಗಸರ ಕೆನ್ನೆಯ ಮೇಲೆ ಕಪ್ಪಗೆ ಹರಡುವ 'ಬಂಗು' ಆಯುರ್ವೇದದ 'ವ್ಯಂಗ'ವೇ ಎಂದು ತೋರುತ್ತದೆ. ವ್ಯವಸಾಯವು ಬೇಸಾಯವಾದ ನಾಲಗೆಯಲ್ಲಿ ವ್ಯಂಗವು ಬಂಗಾದರೆ ಆಶ್ಚರ್ಯವಿಲ್ಲ. ಮರಾಠಿಯವರು ಇದನ್ನೇ 'ವಾಂಗ' ಎನ್ನುತ್ತಾರೆ. 13ನೆಯ ಶತಮಾನದಲ್ಲಿಯೇ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಟುಗಳಿಗಾಗಿ ಅಪಭ್ರಂಶ ಪ್ರಕರಣವೆಂಬ ಒಂದು ಭಾಗವನ್ನೇ ಮೀಸಲಿಟ್ಟ.

ಕೆಲವು ಹೆಸರುಗಳು ಕಣ್ಣಿಗೆ ಕಂಡ ಆಕಾರದಿಂದ ಹುಟ್ಟಿದವು. ಅಂಚು ಹಿಗ್ಗುತ್ತ ಅಗಲವಾಗುವ ಕಲೆ 'ಗಜಕರ್ಣ', ಆನೆಯ ಕಿವಿ. ಅದನ್ನೇ 'ಹುಳುಕಡ್ಡಿ' ಎನ್ನುವವರೂ ಉಂಟು. ಇಂಗ್ಲಿಷಿನವರೂ ಅದನ್ನು 'ರಿಂಗ್‌ವರ್ಮ್', ಉಂಗುರದ ಹುಳು ಎಂದೇ ಕರೆದರು. ಎರಡೂ ಭಾಷೆಗಳು ಒಂದೇ ತಪ್ಪನ್ನು ಮಾಡಿವೆ. ಅಲ್ಲಿ ಹುಳು ಇಲ್ಲ, ಇರುವುದು ಬೂಷ್ಟಿನ ಜಾತಿಯ ಒಂದು ಶಿಲೀಂಧ್ರ.

ಕೆಲವು ಹೆಸರುಗಳು ಭಯದಿಂದ ಬಂದವು. ಸಿಡುಬನ್ನು ನಮ್ಮ ಅಜ್ಜಿಯರು ಹೆಸರಿಟ್ಟು ಕರೆಯುತ್ತಿರಲಿಲ್ಲ; 'ಅಮ್ಮ' ಎನ್ನುತ್ತಿದ್ದರು. ಬಂದವಳು ತಾಯಿ, ಮರ್ಯಾದೆಯಿಂದ ಕಳುಹಿಸಿಕೊಡಬೇಕು ಎಂಬ ಭಾವ. ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಗೊಂಡಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದು ಲೋಕದಿಂದಲೇ ತೊಲಗಿತೆಂದು ಸಾರಿತು. ರೋಗ ಹೋಯಿತು, ಮಾತು ಉಳಿಯಿತು. ಇಂದು ಸೀತಾಳೆ ಸಿಡುಬಾದ ಮಗುವಿಗೂ 'ಅಮ್ಮ ಆಗಿದೆ' ಎನ್ನುತ್ತೇವೆ.

ಇವೆಲ್ಲ ಕೇಳಲು ಸೊಗಸು. ಆದರೆ ಹೆಸರು ಕೆಲವೊಮ್ಮೆ ರೋಗಕ್ಕಿಂತ ಹೆಚ್ಚು ಕಾಡುತ್ತದೆ. ನಡುವಿನ ಒಂದು ಬದಿಯಲ್ಲಿ ಪಟ್ಟಿಯಂತೆ ಏಳುವ ನೋವಿನ ಗುಳ್ಳೆಗಳಿಗೆ 'ಸರ್ಪಸುತ್ತು' ಎಂದರು. ಹಾವೆಂದ ಮೇಲೆ ತಲೆ ಬಾಲ ಬೇಕಲ್ಲವೆ? ಅವೆರಡೂ ಕೂಡಿದರೆ ಪ್ರಾಣ ಹೋಗುತ್ತದೆಂಬ ನಂಬಿಕೆ ಹುಟ್ಟಿತು. ನಿಜವಾಗಿ ಅದು, ಎಂದೋ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸು ನರದಲ್ಲಿ ಅಡಗಿದ್ದು ಮತ್ತೆ ತಲೆಯೆತ್ತಿದ್ದು. ಮೊದಲ ಮೂರು ದಿನಗಳೊಳಗೆ ಔಷಧಿ ದೊರೆತರೆ ಬಹಳ ಅನುಕೂಲ. ಆ ಮೂರು ದಿನಗಳನ್ನು ಎಷ್ಟೋ ಮನೆಗಳಲ್ಲಿ ಕೆಮ್ಮಣ್ಣು ಹಚ್ಚಿಸುವುದರಲ್ಲಿ ಕಳೆಯುತ್ತಾರೆ.

ಇದಕ್ಕಿಂತಲೂ ನೋವಿನ ಸಂಗತಿ ಒಂದುಂಟು. ಈ ಬಾರಿ ಬರೆಯಲು ಕುಳಿತದ್ದು ನಿಜವಾಗಿ ಅದಕ್ಕಾಗಿಯೇ.

ನನ್ನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಇದ್ದಾನೆ. ಕಡುಬೇಸಗೆಯಲ್ಲಿಯೂ ತುಂಬುತೋಳಿನ ಅಂಗಿ, ಮಣಿಕಟ್ಟಿನವರೆಗೂ ಗುಂಡಿ. ತತ್ಸಮ ತದ್ಭವಗಳ ಪಾಠ ಮುಗಿದ ಒಂದು ದಿನ, ಎಲ್ಲರೂ ಹೋದ ಮೇಲೆ ಮೇಜಿನ ಬಳಿ ಬಂದು, "ಸಾರ್, 'ತೊನ್ನು' ತದ್ಭವವೋ, ದೇಶ್ಯವೋ?" ಎಂದು ಕೇಳಿದ. "ದೇಶ್ಯ" ಎಂದೆ. "ಅರ್ಥ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಅವನು ತೋಳಿನ ಗುಂಡಿ ಬಿಚ್ಚಿದ. ಮಣಿಕಟ್ಟಿನಿಂದ ಮೊಣಕೈಯವರೆಗೆ ಬಿಳಿಯ ಕಲೆಗಳು. "ಅಕ್ಕನಿಗೆ ಗೊತ್ತಾಗಿದ್ದ ಸಂಬಂಧ ಮುರಿದುಹೋಯಿತು, ಸಾರ್. ಅವಳಿಗೆ ಏನೂ ಇಲ್ಲ. ನನ್ನ ಕೈಯನ್ನು ಅವರು ನೋಡಿದರು. ನಾನೂ ನಿಘಂಟು ತೆಗೆದು ನೋಡಿದೆ. ತೊನ್ನು ಎಂದರೆ ಕುಷ್ಠ ಎಂದಿದೆ. ಪುಸ್ತಕದಲ್ಲೇ ಹಾಗಿದ್ದರೆ ಅವರದೇನು ತಪ್ಪು?"

ಅಂದು ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ ತಿಳಿದದ್ದು ಇಷ್ಟು.

ಪ್ರಾಚೀನ ವೈದ್ಯರಿಗೆ 'ಕುಷ್ಠ' ಎಂಬುದು ಒಂದು ರೋಗದ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಮಹಾಕುಷ್ಠ 7, ಕ್ಷುದ್ರಕುಷ್ಠ 11, ಹೀಗೆ 18 ಬಗೆ. ಈಗ ನಾವು ಸಿಬ್ಬು, ಗಜಕರ್ಣ ಎನ್ನುವಂಥ ಸಾಮಾನ್ಯ ಕಲೆಗಳೂ ಆ ಪಟ್ಟಿಯೊಳಗಿದ್ದವು. ಬಿಳಿಯ ಕಲೆಗೆ 'ಶ್ವಿತ್ರ' ಎಂದರು; ಶ್ವೇತವೆಂಬ ಶಬ್ದದ ಒಡಹುಟ್ಟು, ಬಿಳುಪು ಎಂಬುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ. ಅದಕ್ಕೆ 'ಕಿಲಾಸ'ವೆಂಬ ಹೆಸರೂ ಉಂಟು. ಕುಷ್ಠಕ್ಕೂ ಕಿಲಾಸಕ್ಕೂ ಇರುವ ಭೇದವನ್ನು ಸುಶ್ರುತ ಸಂಹಿತೆ ಬಿಡಿಸಿ ಹೇಳಿದೆ: ಕಿಲಾಸವು ಚರ್ಮವನ್ನು ಮಾತ್ರ ಹಿಡಿದದ್ದು, ಅದರಿಂದ ಕೀವು ರಸ ಸೋರುವುದಿಲ್ಲ. ಕಾಲ ಕಳೆದಂತೆ ಕುಷ್ಠವೆಂಬ ಕುಟುಂಬದ ಹೆಸರು ಎಲ್ಲರೂ ಅಂಜುವ ಒಂದೇ ರೋಗಕ್ಕೆ ಅಂಟಿಕೊಂಡಿತು. ನೆರೆಯಲ್ಲಿದ್ದ ಬಿಳಿಯ ಕಲೆಯನ್ನೂ ಜನ ಅದರೊಳಕ್ಕೆ ಎಳೆದರು. 'ಬಿಳಿಕುಷ್ಠ' ಎಂಬ ಮಾತು ಹುಟ್ಟಿತು. ತೊನ್ನು ಎಂಬ ಒಂದೇ ಶಬ್ದ ಎರಡಕ್ಕೂ ಸಲ್ಲತೊಡಗಿತು. ನಿಘಂಟುಕಾರರು ಜನರ ಬಾಯಲ್ಲಿದ್ದುದನ್ನು ಬರೆದಿಟ್ಟರು. ನಿಘಂಟು ಮಾತಿನ ದಾಖಲೆಯೇ ಹೊರತು ವೈದ್ಯನ ತೀರ್ಪಲ್ಲ.

ವೈದ್ಯರ ತೀರ್ಪು ಸ್ಪಷ್ಟವಾಗಿದೆ. ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ದೇಹದ ರಕ್ಷಣಾಶಕ್ತಿಯೇ ತಪ್ಪಿ ನಾಶಮಾಡುವುದರಿಂದ ಬಿಳಿಯ ಕಲೆ ಬರುತ್ತದೆ. ಲೋಕದಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇದು ಉಂಟು. ಮುಟ್ಟಿದರೆ ಅಂಟುವುದಿಲ್ಲ, ಒಟ್ಟಿಗೆ ಉಂಡರೂ ಅಂಟುವುದಿಲ್ಲ. ಕುಷ್ಠವೋ, ರೋಗಾಣುವಿನಿಂದ ಬರುವ ಬೇರೆಯೇ ರೋಗ. ಆ ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಗುರುತಿಸಿದರು.

ಹೀಗೆಂದು 'ಇದು ಕುಷ್ಠವಲ್ಲ' ಎನ್ನುವ ಭರದಲ್ಲಿ ಕುಷ್ಠವಾದವರನ್ನು ಇನ್ನಷ್ಟು ದೂರ ತಳ್ಳುವುದೂ ನ್ಯಾಯವಲ್ಲ. 1981ರಿಂದ ಬಳಕೆಗೆ ಬಂದ ಬಹುಔಷಧ ಚಿಕಿತ್ಸೆಯಿಂದ ಅದು ಪೂರ್ತಿ ಗುಣವಾಗುತ್ತದೆ. ಕಾನೂನು ಕೂಡ ನಿಧಾನವಾಗಿ ಎಚ್ಚೆತ್ತಿದೆ: ರೋಗಿಗಳನ್ನು ಕೂಡಿಹಾಕಲು ಅವಕಾಶವಿದ್ದ 1898ರ ಕಾಯಿದೆ 2016ರಲ್ಲಿ ರದ್ದಾಯಿತು, ವಿವಾಹ ವಿಚ್ಛೇದನಕ್ಕೆ ಕುಷ್ಠವನ್ನು ಕಾರಣವೆಂದು ಒಪ್ಪುತ್ತಿದ್ದ ವಿಧಿಗಳನ್ನು 2019ರಲ್ಲಿ ತೆಗೆದುಹಾಕಲಾಯಿತು. ನ್ಯಾಯಾಲಯ ಬಿಟ್ಟುಕೊಟ್ಟ ಕಾರಣವನ್ನು ನಮ್ಮ ನಡುಮನೆಗಳು ಇನ್ನೂ ಹಿಡಿದುಕೊಂಡಿವೆ.

ತಮಿಳರು 'ವೆಣ್‌ಕುಷ್ಠಂ' ಎಂಬ ಹಳೆಯ ಹೆಸರನ್ನು ಬಿಟ್ಟು 'ವೆಣ್‌ಪುಳ್ಳಿ', ಬಿಳಿಚುಕ್ಕೆ ಎನ್ನತೊಡಗಿದ್ದಾರೆ. ನಮ್ಮಲ್ಲಿ 'ಬಿಳಿಮಚ್ಚೆ' ಎಂಬ ಮಾತು ಆಗಲೇ ಇದೆ. ಮಚ್ಚೆ ಯಾರ ಮೈಮೇಲಿಲ್ಲ? ಅದನ್ನು ಅದೃಷ್ಟವೆಂದು ಎಣಿಸುವವರೂ ನಾವೇ. ಮಗುವಿನ ಗಲ್ಲಕ್ಕೆ ಕಾಡಿಗೆಯಿಂದ ದೃಷ್ಟಿಬೊಟ್ಟನ್ನು ಇಟ್ಟು, ಇಲ್ಲದ ಕಲೆಯನ್ನು ತಂದುಕೊಳ್ಳುವವರೂ ನಾವೇ.

ಇಷ್ಟನ್ನೂ ಆ ಹುಡುಗನಿಗೆ ಹೇಳಿದೆ. ಅವನು ಕೇಳಿ, "ನಾನು ಹೇಳಿದರೆ ಮನೆಯಲ್ಲಿ ನಂಬುವುದಿಲ್ಲ, ಸಾರ್. ಅಚ್ಚಾದದ್ದಾದರೆ ನಂಬುತ್ತಾರೆ. ಬರೆಯುತ್ತೀರಾ?" ಎಂದ. ಅದಕ್ಕಾಗಿ ಬರೆದಿದ್ದೇನೆ. ಹೆಣ್ಣು ನೋಡಲು ಹೊರಟ ಹಿರಿಯರು ಯಾರಾದರೂ ಈ ಪುಟವನ್ನು ಓದಿದರೆ, ಅವನ ಅಕ್ಕನಂಥವರನ್ನು ಒಮ್ಮೆ ನೆನೆಯಬೇಕೆಂದು ನನ್ನ ಪ್ರಾರ್ಥನೆ.