ಗಿರಿಯ ಹುಲ್ಲೂ ಕೆರೆಯ ನೀರೂ

ಹಿಮದ ನಾಡುಗಳಲ್ಲಿ ಪರ್ವತಶಿಖರಗಳು ವಿನೋದದ ಅಂಗಡಿಗಳಾಗಿ ಬಹುಕಾಲವಾಯಿತು. ಸ್ವಿಟ್ಸರ್ಲೆಂಡಿನಲ್ಲಿಯೂ ನಮ್ಮದೇ ದೇಶದ ಗುಲ್ಮಾರ್ಗ, ಔಲಿಗಳಲ್ಲಿಯೂ ಜನರು ರೋಪ್‌ವೇಯಲ್ಲಿ ಮೇಲೇರಿ ಹಿಮದ ಮೇಲೆ ಜಾರುತ್ತ ಕೆಳಗಿಳಿಯುತ್ತಾರೆ. ನಮ್ಮ ಬಾಬಾಬುಡನ್‌ಗಿರಿಯ ಶ್ರೇಣಿಯಲ್ಲಿ ಹಿಮವಿಲ್ಲ. ಆದರೂ ಆ ಆಸೆ ಮಾತ್ರ ಇಲ್ಲಿಗೂ ಬಂದಿದೆ. ಮುಳ್ಳಯ್ಯನಗಿರಿಗೂ ಕೆಮ್ಮಣ್ಣುಗುಂಡಿಗೂ ಇನ್ನೂ ಅಗಲವಾದ ರಸ್ತೆ ಬೇಕು, ರೋಪ್‌ವೇ ಬೇಕು, ಶಿಖರಗಳ ಮಗ್ಗುಲಲ್ಲಿಯೇ ರೆಸಾರ್ಟುಗಳು ಬೇಕು ಎಂಬ ಮಾತು ಕಿವಿಗೆ ಬೀಳುತ್ತಲೇ ಇದೆ. ಹೀಗೆನ್ನುವವರೆಲ್ಲ ದುರುದ್ದೇಶದವರೆಂದು ನಾವು ಹೇಳುವುದಿಲ್ಲ. ಆದರೆ ಬಯಲುಸೀಮೆಯವರಾದ ನಾವು ಇದಕ್ಕೆ ಉತ್ತರ ಹೇಳದೆ ಸುಮ್ಮನಿರುವುದು ನಮ್ಮ ಕೈಯಾರೆ ನಮ್ಮ ಕೆರೆಗಳನ್ನು ಒಣಗಿಸಿದಂತೆ.

ಅವರ ಮೊದಲನೆಯ ವಾದವಿದು: ಶಿಖರಗಳ ಮೇಲೆ ಮರವಿಲ್ಲ, ಬರಿಯ ಹುಲ್ಲು, ಅಲ್ಲಿ ಕಟ್ಟಿದರೆ ನಷ್ಟವೇನು? ಅಜ್ಜಂಪುರದವರಿಗೆ ಈ ವಾದ ಹೊಸತಲ್ಲ. ಅಮೃತಮಹಲ್ ಕಾವಲುಗಳನ್ನೂ ಬರಿಯ ಹುಲ್ಲೆಂದು ಹೇಳಿಯೇ ಒತ್ತುವರಿಮಾಡಿದರು. ಆ ಹುಲ್ಲಿನಿಂದ ಬೆಳೆದ ಎತ್ತುಗಳು ಹೈದರನ ಮತ್ತು ಟಿಪ್ಪುವಿನ ಸೈನ್ಯದ ಭಾರವನ್ನು ಹೊತ್ತಿದ್ದುವೆಂಬುದನ್ನು ಮರೆತರು. ಗಿರಿಯ ಹುಲ್ಲಿನ ಕೆಲಸವಾದರೋ ಇನ್ನೂ ದೊಡ್ಡದು. ಹುಲ್ಲುಗಾವಲೂ ಕಣಿವೆಗಳ ಶೋಲಾ ಕಾಡೂ ಕೂಡಿ ಮುಂಗಾರಿನ ಮಳೆಯನ್ನು ಮಣ್ಣಿನೊಳಕ್ಕೆ ಇಳಿಸಿಕೊಂಡು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಒಸರಿಸುತ್ತವೆ. ಆರು ಸಾವಿರದ ಮುನ್ನೂರು ಅಡಿಗೂ ಎತ್ತರವಾದ ಮುಳ್ಳಯ್ಯನಗಿರಿಯ ಬಳಿ ಹುಟ್ಟುವ ಗೌರಿಹಳ್ಳವು ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬಿ, ಅಲ್ಲಿಂದ ಮುಂದೆ ವೇದಾ ಎಂಬ ಹೆಸರಿನಿಂದ ಹರಿಯುತ್ತದೆ. ಅದೇ ಗಿರಿಗಳಿಂದ ಇಳಿಯುವ ಅವತಿ ಮದಗದ ಕೆರೆಯನ್ನು ತುಂಬುತ್ತದೆ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಚಿತ್ರದುರ್ಗ ಸೀಮೆಯ ವಾಣಿವಿಲಾಸ ಸಾಗರವನ್ನು ಸೇರುತ್ತವೆ. ಗಿರಿಯ ನೆತ್ತಿಯನ್ನು ಬಗೆದು ಡಾಂಬರು ಹೊಯ್ದರೆ ಮಳೆಯೇನೋ ಬರುತ್ತದೆ. ಆದರೆ ಆ ನೀರು ನೆಲಕ್ಕಿಳಿಯದೆ ಒಂದೇ ಹೊಡೆತಕ್ಕೆ ಕೆಸರಾಗಿ ಹರಿದು ಕೆರೆಯಲ್ಲಿ ಹೂಳಾಗಿ ಕೂರುತ್ತದೆ.

ಇದೇ ಬಯಲಿಗೆ ನೀರು ತರುವುದಕ್ಕಾಗಿ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 29.9 ಟಿ.ಎಂ.ಸಿ. ನೀರನ್ನು ಗೊತ್ತುಮಾಡಿ, ತರೀಕೆರೆಯ ಸೀಮೆಯಲ್ಲಿ ಪಂಪುಗಳಿಂದ ಮೇಲೆತ್ತಿ, ಅಜ್ಜಂಪುರದ ಬಳಿ ಗುಡ್ಡವನ್ನು ಕೊರೆದು ಸುರಂಗ ಮಾಡಿದ್ದಾರೆ. ಒಂದು ಕಡೆ ಕೋಟಿಗಟ್ಟಲೆ ಸುರಿದು ನೀರನ್ನೆತ್ತುವುದು, ಇನ್ನೊಂದು ಕಡೆ ತಾನಾಗಿ ಇಳಿದುಬರುವ ನೀರಿನ ಮೂಲವನ್ನು ತುಳಿಯುವುದು: ಇದು ಯಾವ ಅರ್ಥಶಾಸ್ತ್ರ?

ಎರಡನೆಯದು ಜೀವನೋಪಾಯದ ಮಾತು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಈ ಮಾತನ್ನು ಹಿಂದೆಯೂ ಕೇಳಿದ್ದೇವೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತೊಡಗಿತು. ಅದಕ್ಕೆ ಬೇಕಾದ ಅದಿರು ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿಯೇ ಕೆಳಗಿಳಿಯಿತು. ಗಣಿ ನಿಂತಿತು, ಕೆಲಸವೂ ಹೋಯಿತು. ಕುದುರೆಮುಖವು 1987ರಲ್ಲಿ ರಾಷ್ಟ್ರೀಯ ಉದ್ಯಾನವಾದರೂ ಅಲ್ಲಿಯ ಗಣಿ ನಿಂತದ್ದು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯ ಮೇಲೆ, 2005ರ ಕೊನೆಯಲ್ಲಿ. ಇಷ್ಟು ಕಷ್ಟದಿಂದ ಗಣಿಯ ಕೈಯಿಂದ ಬಿಡಿಸಿಕೊಂಡ ಬೆಟ್ಟಗಳನ್ನು ವಿನೋದಕ್ಕೆ ಒತ್ತೆಯಿಡುವುದೆ?

ಇನ್ನು ಪರದೇಶದ ಮತ್ತು ಪರಸೀಮೆಯ ದೃಷ್ಟಾಂತ. ಔಲಿಯನ್ನು ಹೊಗಳುವವರು ಅದರ ಕೆಳಗಿರುವ ಜೋಶಿಮಠವನ್ನೂ ನೋಡಬೇಕು. 2023ರ ಜನವರಿಯಲ್ಲಿ ಅಲ್ಲಿ ನೆಲ ಕುಸಿದು ನೂರಾರು ಮನೆಗಳು ಬಿರುಕುಬಿಟ್ಟುವು, ರೋಪ್‌ವೇಯನ್ನೇ ನಿಲ್ಲಿಸಬೇಕಾಯಿತು. ಕಾರಣ ಒಂದೇ ಅಲ್ಲ ನಿಜ; ಬೆಟ್ಟ ತಾಳಲಾರದಷ್ಟು ಕಟ್ಟಿದ್ದೂ ಒಂದು. ನಮ್ಮ ಮೂಡಿಗೆರೆಯ ಬೆಟ್ಟಗಳು 2019ರ ಮಳೆಗೆ ಕುಸಿದದ್ದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಗಿರಿಗೆ ಯಾರೂ ಹೋಗಬಾರದೆಂಬುದು ನಮ್ಮ ಮತವಲ್ಲ. ವಸತಿಗಳೂ ವಾಹನಗಳೂ ತಪ್ಪಲಿನಲ್ಲಿ ನಿಲ್ಲಲಿ. ತಪ್ಪಲಿನ ಮನೆಗಳಿಗೆ ಅದರಿಂದ ಅನ್ನ ದೊರೆಯಲಿ. ಹುಲ್ಲಿನ ಎಲ್ಲೆಯಿಂದ ಮೇಲಕ್ಕೆ ಹೊಸದಾಗಿ ಒಂದು ಕಲ್ಲನ್ನೂ ಇಡಕೂಡದು. ಮೇಲೇರುವವರ ಸಂಖ್ಯೆಗೆ ದಿನಕ್ಕಿಷ್ಟೆಂಬ ಮಿತಿಯಿರಲಿ. ಅವರು ಕೊಡುವ ಹಣದಲ್ಲಿ ಒಂದು ಪಾಲು ಅಯ್ಯನಕೆರೆ, ಮದಗದ ಕೆರೆಗಳ ಹೂಳೆತ್ತುವುದಕ್ಕೆ ಸಲ್ಲಲಿ. ಗಿರಿಯ ವಿಷಯವಾಗಿ ತೀರ್ಮಾನಿಸುವ ಸಭೆಯಲ್ಲಿ ಬಯಲಿನ ರೈತನಿಗೂ ಒಂದು ಆಸನವಿರಲಿ. ಹಿಂದೆ ಈ ಜಿಲ್ಲೆಗೆಲ್ಲ ಕಡೂರೆಂದೇ ಹೆಸರಿತ್ತು. ಹೆಸರು ಹೋದರೆ ಹೋಗಲಿ. ನೀರಾದರೂ ನಮಗೆ ಉಳಿಯಲಿ.